ಪ್ರಾಜೆಕ್ಟ್‌ಗೆ ಹತ್ತು ಪ್ರಾಣಿ ಬೇಡ, ಒಂದು ಸಿಂಗಳೀಕ ಸಾಕು

ಮೂರು, ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಅಳಿವಿನಂಚಿನ ಪ್ರಾಣಿಗಳ ಪ್ರಾಜೆಕ್ಟ್ ಕೊಟ್ಟರೆ ನಾವು ಹತ್ತು ಚಿತ್ರ ತಂದು ಅಂಟಿಸಿಬಿಡುತ್ತೇವೆ, ಅಲ್ವಾ? ಈ ಸಲ ಒಂದೇ ಪ್ರಾಣಿ ಆರಿಸಿ. ನನ್ನ ಸಲಹೆ ಸಿಂಗಳೀಕ ಅನ್ನುವ ಕೋತಿ. ಪಶ್ಚಿಮ ಘಟ್ಟದ ಕಾಡು ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಲ್ಲೂ ಇದು ಇಲ್ಲ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಸಿಂಹದ ಹಾಗೆ ಕುಚ್ಚು.

ಮಕ್ಕಳು ಮೊದಲು ಕಾಡು ಬಿಡಿಸಲಿ, ಕೋತಿ ಆಮೇಲೆ. ಎತ್ತರದ ಮರಗಳು, ಒಂದರ ಕೊಂಬೆ ಇನ್ನೊಂದಕ್ಕೆ ತಾಗುವಂತೆ. ಸಿಂಗಳೀಕ ಜಾಸ್ತಿ ಹೊತ್ತು ಇರುವುದು ಅಲ್ಲೇ ಮೇಲೆ. ಹಣ್ಣು, ಬೀಜ, ಹುಳ ಎಲ್ಲ ಅಲ್ಲೇ ಸಿಗುತ್ತದೆ. ಈಗ ನಡುವಿನ ಮರ ಅಳಿಸಿ ಒಂದು ರಸ್ತೆ ಎಳೆಯಲು ಹೇಳಿ. "ಇದು ಆ ಕಡೆ ಹೋಗೋದು ಹೇಗೆ?" ಎಂದು ಕೇಳಿ ಸುಮ್ನೆ ಕೂತುಬಿಡಿ. ಉತ್ತರ ನೀವು ಹೇಳಬೇಡಿ. ನೆಲಕ್ಕಿಳಿದರೆ ಗಾಡಿಗೆ ಸಿಗುತ್ತದೆ ಎಂದು ಮಗುವಿಗೇ ಹೊಳೆಯಲಿ. ಆಮೇಲೆ ತಮಿಳುನಾಡಿನ ವಾಲ್ಪಾರೈ ಕಡೆ ರಸ್ತೆ ಮೇಲೆ ಮರದಿಂದ ಮರಕ್ಕೆ ಕಟ್ಟಿರುವ ಸೇತುವೆಗಳ ಕಥೆ ಹೇಳಿ.

ಭೂಪಟದಲ್ಲಿ ಉತ್ತರ ಕನ್ನಡದ ಅಘನಾಶಿನಿ ಕಣಿವೆ ಗುರುತಿಸಿ. 2011ರಲ್ಲಿ ಅಲ್ಲಿ ಸಿಂಗಳೀಕಕ್ಕಾಗಿಯೇ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು.

ಇನ್ನೊಂದು ಮಾತು. ಆಗುಂಬೆ ಘಾಟಿಯಲ್ಲಿ ಸಿಂಗಳೀಕ ಕಂಡರೆ ಬಿಸ್ಕತ್ತು, ಚಿಪ್ಸ್ ಎಸೆಯಬೇಡಿ. ತಿಂಡಿಯ ಆಸೆಗೇ ಅವು ಮರ ಬಿಟ್ಟು ರಸ್ತೆಗೆ ಬರುತ್ತವೆ. ಚಾರ್ಟಿನ ಕೆಳಗೆ ಇದನ್ನೂ ಮಕ್ಕಳ ಕೈಯಲ್ಲೇ ಬರೆಸಿ.