ಹೋರಿ ಹಬ್ಬದ ದೊಡ್ಡ ವಿಡಿಯೊ: ಸ್ಪಷ್ಟತೆ ಕೆಡದಂತೆ ಗಾತ್ರ ಇಳಿಸುವ ಬಗೆ

ದೀಪಾವಳಿ ಮುಗಿದು ಹಾವೇರಿ ಕಡೆ ಹೋರಿ ಹಬ್ಬ ಶುರುವಾದರೆ ಕ್ಯಾಮೆರಾ ಹಿಡಿದವರ ಹಾರ್ಡ್ ಡಿಸ್ಕ್ ತುಂಬಲು ತಡವಿಲ್ಲ. ಸೆಕೆಂಡಿಗೆ 50 ಮೆಗಾಬಿಟ್‌ನಲ್ಲಿ ಚಿತ್ರೀಕರಿಸಿದರೆ ಗಂಟೆಗೆ 22.5 ಜಿಬಿ. ಲೆಕ್ಕ ಸುಲಭ: 50ನ್ನು 3600ರಿಂದ ಗುಣಿಸಿ 8ರಿಂದ ಭಾಗಿಸಿದರೆ ಎಂಬಿ ಲೆಕ್ಕದಲ್ಲಿ ಗಾತ್ರ ಸಿಗುತ್ತದೆ. ಇದನ್ನು ಇಳಿಸುವಾಗ ಬಹಳ ಮಂದಿ ‘2 ಜಿಬಿಯೊಳಗೆ ಬರಬೇಕು’ ಎಂದು ಗಾತ್ರವನ್ನೇ ಮೊದಲು ಗೊತ್ತುಮಾಡುತ್ತಾರೆ. ಕೆಡುವುದು ಅಲ್ಲೇ. ಗುಣಮಟ್ಟ ಗೊತ್ತುಮಾಡಿ, ಗಾತ್ರ ಎಷ್ಟು ಬರುತ್ತದೋ ಬರಲಿ.

ಜಿಪ್ ಮಾಡಿ ಉಪಯೋಗವಿಲ್ಲ. ವಿಡಿಯೊ ಆಗಲೇ ಒತ್ತಿಟ್ಟ ಫೈಲು. ಮೊದಲು ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಫೈಲು ತೆರೆದು ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಬಿಟ್), ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ), ಸ್ಕ್ಯಾನ್ ಟೈಪ್ (ಚಿತ್ರದ ಗೆರೆಗಳನ್ನು ಬರೆದ ಬಗೆ) ಈ ಮೂರನ್ನು ಬರೆದಿಟ್ಟುಕೊಳ್ಳಿ. 1080ಪಿ ವಿಡಿಯೊ ಈಗಾಗಲೇ 4–5 ಮೆಗಾಬಿಟ್‌ನಲ್ಲಿದ್ದರೆ ಮುಟ್ಟಬೇಡಿ. ವಾಟ್ಸಾಪಿನಲ್ಲಿ ವಿಡಿಯೊ ಆಗಿ ಬಂದದ್ದನ್ನಂತೂ ಮತ್ತೆ ಒತ್ತಲೇಬೇಡಿ, ಅದರಲ್ಲಿ ಉಳಿದಿರುವುದೇ ಕಡಿಮೆ.

ಗಾತ್ರ ಇಳಿಸಲು ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶ ಸಾಕು. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಫೈಲನ್ನು ಅದರೊಳಗೆ ಎಳೆದು ಹಾಕಿ, ಪ್ರೀಸೆಟ್‌ಗಳಲ್ಲಿ (ಮೊದಲೇ ಹೊಂದಿಸಿಟ್ಟ ಆಯ್ಕೆಗಳಲ್ಲಿ) ‘ಎಚ್‌ಕ್ಯೂ 1080ಪಿ30’ ಆರಿಸಿ. ಕೂಡಲೇ ವಿಡಿಯೊ ಟ್ಯಾಬಿಗೆ ಹೋಗಿ ಫ್ರೇಮ್ ರೇಟನ್ನು ‘ಸೇಮ್ ಆ್ಯಸ್ ಸೋರ್ಸ್’ ಮಾಡಿ. ಈ ಪ್ರೀಸೆಟ್ 30 ಫ್ರೇಮಿಗೆ ಮಿತಿ ಹಾಕಿರುತ್ತದೆ. 50 ಫ್ರೇಮಿನಲ್ಲಿ ತೆಗೆದ ಓಟ 30ಕ್ಕೆ ಇಳಿದರೆ ಸಮವಾಗಿ ಹಂಚಿಕೆಯಾಗದೆ ಹೋರಿ ಕುಂಟಿದಂತೆ ಕಾಣುತ್ತದೆ. ಬಿಟ್‌ರೇಟ್ ಎಷ್ಟೇ ಏರಿಸಿದರೂ ಅದು ಸರಿಹೋಗದು. ಮೊಬೈಲಿನಲ್ಲಿ ತೆಗೆದದ್ದಾದರೆ ಪಕ್ಕದಲ್ಲಿರುವ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಕೂಡ ಒತ್ತಿ. ಮೊಬೈಲಿನ ಫ್ರೇಮ್ ರೇಟ್ ಏರಿಳಿಯುತ್ತಿರುತ್ತದೆ; ಮುಂದೆ ಎಡಿಟ್ ಮಾಡುವಾಗ ಧ್ವನಿ ತಪ್ಪುವುದು ಹೆಚ್ಚಾಗಿ ಇದರಿಂದಲೇ.

ಇನ್ನು ‘ಕಾನ್‌ಸ್ಟಂಟ್ ಕ್ವಾಲಿಟಿ’ ಎಂಬ ಜಾರುಪಟ್ಟಿ. ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಇಲ್ಲಿ ಅಂಕಿ ಇಳಿದಷ್ಟೂ ಗುಣಮಟ್ಟ ಏರುತ್ತದೆ, 6 ಅಂಕ ಇಳಿಸಿದರೆ ಗಾತ್ರ ಸುಮಾರು ಇಮ್ಮಡಿಯಾಗುತ್ತದೆ. ವಿಡಿಯೊ ಒತ್ತುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ; ಎಚ್.264 ಹಳೆಯದು, ಎಚ್.265 ಹೊಸದು. 1080ಪಿಗೆ ಎಚ್.264 ಆದರೆ 20ರಿಂದ 22, ಎಚ್.265 ಆದರೆ 22ರಿಂದ 24ರಲ್ಲಿ ಶುರುಮಾಡಿ. ಎನ್‌ಕೋಡರ್ ಪ್ರೀಸೆಟ್ (ಒತ್ತುವ ವೇಗ) ‘ಸ್ಲೋ’ ಇರಲಿ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿನೊಳಗಿನ ಎನ್‌ಕೋಡರ್ ಆದ ಎನ್‌ವಿಇಎನ್‌ಸಿ ಬೇಗ ಮುಗಿಸುತ್ತದೆ ನಿಜ, ಆದರೆ ಅದೇ ಗುಣಮಟ್ಟಕ್ಕೆ ಸಾಮಾನ್ಯವಾಗಿ ಹೆಚ್ಚು ಜಾಗ ಬೇಡುತ್ತದೆ. ಉಳಿಸಿಡುವ ವಿಡಿಯೊಗೆ ಅವಸರವೇಕೆ?

ಅಂಕಿಗೆ ಅಂಟಿಕೊಂಡು ಗಾತ್ರವನ್ನು ಬಿಡಬೇಕಾದ ಕಾರಣ ಇದು. ಒಂದು ಫ್ರೇಮಿನಿಂದ ಮುಂದಿನದಕ್ಕೆ ಬದಲಾದದ್ದನ್ನು ಮಾತ್ರ ಬರೆದಿಟ್ಟು ಕೋಡೆಕ್ ಜಾಗ ಉಳಿಸುತ್ತದೆ. ಧಾರವಾಡದ ಸಂಗೀತ ಕಛೇರಿಯಲ್ಲಿ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ, ಹಿಂದಿನ ಪರದೆ ಅಲುಗದು, ಅಲುಗುವುದು ಗಾಯಕರ ಕೈ ಮತ್ತು ತಬಲಾದ ಮೇಲಿನ ಬೆರಳು. ಫೈಲು ತಾನಾಗಿ ಸಣ್ಣದಾಗುತ್ತದೆ. ಹೋರಿಯ ಅಖಾಡದಲ್ಲಿ ಧೂಳು, ಬಲೂನು, ರಿಬ್ಬನ್ನು, ಕೊಬ್ಬರಿ ಸರ, ಎರಡೂ ಬದಿಗೆ ಜನ. ಪ್ರತಿ ಫ್ರೇಮೂ ಹೊಸದು. ಎರಡಕ್ಕೂ ಒಂದೇ ಬಿಟ್‌ರೇಟ್ ಕಟ್ಟಿದರೆ ಕಛೇರಿಗೆ ಜಾಗ ದಂಡ, ಧೂಳು ಚೌಕ ಚೌಕವಾಗಿ ಒಡೆಯುತ್ತದೆ. ದೇವರಗುಡ್ಡದಲ್ಲಿ ಭಂಡಾರ ತೂರುವ ದೃಶ್ಯಕ್ಕೂ ಇದೇ ಕಾಟ.

ಹಾಗಾಗಿ ಪರೀಕ್ಷೆ ಮಾಡುವುದಾದರೆ ಅತಿ ಕಷ್ಟದ 30 ಸೆಕೆಂಡಿನ ಮೇಲೆ ಮಾಡಿ. ‘ರೇಂಜ್’ನಲ್ಲಿ ಸೆಕೆಂಡ್ಸ್ ಆರಿಸಿ, ಧೂಳು ಎದ್ದ ಜಾಗದ ಸಮಯ ಕೊಟ್ಟು, 20, 22, 24 ಹೀಗೆ ಮೂರು ತುಣುಕು ತೆಗೆಯಿರಿ. ಟಿವಿಯಲ್ಲಿ, ನೀವು ಕೂರುವಷ್ಟು ದೂರದಿಂದ, ಓಡುತ್ತಿರುವಾಗಲೇ ನೋಡಿ. ನಿಲ್ಲಿಸಿ ಹಿಗ್ಗಿಸಿ ನೋಡಿದರೆ ಎಲ್ಲದರಲ್ಲೂ ಹುಳುಕು ಕಾಣುತ್ತದೆ. ವ್ಯತ್ಯಾಸ ಕಂಡ ಅಂಕಿಗಿಂತ ಒಂದು ಮೆಟ್ಟಿಲು ಕೆಳಗಿನದನ್ನು ಇಟ್ಟುಕೊಳ್ಳಿ. ರಾತ್ರಿ ಆಕಾಶದಲ್ಲಿ ಪಟ್ಟೆ ಪಟ್ಟೆ ಕಂಡರೆ ಎಚ್.265ರ 10 ಬಿಟ್ ಆರಿಸಿದರೆ ತಗ್ಗುತ್ತದೆ. ಹಳೆಯ ಟಿವಿಗಳಲ್ಲಿ ಹಲವಕ್ಕೆ ಎಚ್.265 ಓಡಿಸಲು ಬಾರದು. ಊರಿನವರಿಗೆಲ್ಲ ಹಂಚುವುದಾದರೆ ಎಚ್.264 ಲೇಸು.

ಸ್ಕ್ಯಾನ್ ಟೈಪ್ ‘ಇಂಟರ್‌ಲೇಸ್ಡ್’ (ಗೆರೆ ಬಿಟ್ಟು ಗೆರೆ ಬರೆದ ಚಿತ್ರ) ಎಂದು ಬಂದಿದ್ದರೆ (ಹಳೆಯ ಮದುವೆ ಕ್ಯಾಮೆರಾಗಳ ಎಂಟಿಎಸ್ ಫೈಲುಗಳು ಹೆಚ್ಚಾಗಿ ಹೀಗೇ) ಫಿಲ್ಟರ್ಸ್ ಟ್ಯಾಬಿನಲ್ಲಿ ಡಿಇಂಟರ್‌ಲೇಸ್ ಹಾಕಿ. ಬಿಟ್ಟರೆ ಓಡುವ ಹೋರಿಯ ಅಂಚಿಗೆ ಬಾಚಣಿಗೆಯ ಹಲ್ಲಿನಂತೆ ಗೆರೆ ನಿಲ್ಲುತ್ತದೆ, ಆಮೇಲೆ ತೆಗೆಯಲು ಆಗುವುದಿಲ್ಲ.

ಧ್ವನಿಗೆ ಎಎಸಿ 160 ಕಿಲೋಬಿಟ್ ಸಾಕು, ಗಂಟೆಗೆ 72 ಎಂಬಿ. ಸಂಗೀತಕ್ಕೆ 256 ಕೊಡಿ.

ಲ್ಯಾಪ್‌ಟಾಪಿನಲ್ಲಿ ಒಂದು ಗಂಟೆಯ ವಿಡಿಯೊಗೆ ಹಲವು ಗಂಟೆ ಹಿಡಿಯಬಹುದು. ನಡುವೆ ಕರೆಂಟ್ ಹೋದರೆ ಅರ್ಧ ಬರೆದ ಎಂಪಿ4 ತೆರೆಯುವುದೇ ಇಲ್ಲ, ಮೊದಲಿಂದ ಶುರು. ಫಾರ್ಮ್ಯಾಟ್‌ನಲ್ಲಿ ಎಂಪಿ4 ಬದಲು ಎಂಕೆವಿ ಆರಿಸಿದ್ದರೆ ಅಲ್ಲಿಯವರೆಗಿನದು ಬಹುತೇಕ ನೋಡಲು ಸಿಗುತ್ತದೆ. ಮುಗಿದ ಮೇಲೆ ಒಟ್ಟು ಅವಧಿ ಮೂಲದಷ್ಟೇ ಇದೆಯೇ, ಕೊನೆಯ ನಿಮಿಷದಲ್ಲಿ ಧ್ವನಿ ತುಟಿಗೆ ಹೊಂದುತ್ತಿದೆಯೇ ನೋಡದೆ ಮೂಲ ಫೈಲನ್ನು ಅಳಿಸಬೇಡಿ. ಪೆನ್‌ಡ್ರೈವಿಗೆ ಹಾಕುವಾಗ 4 ಜಿಬಿ ದಾಟಿದ ಫೈಲು ಹೋಗದಿದ್ದರೆ ವಿಡಿಯೊದಲ್ಲಿ ದೋಷವಿಲ್ಲ. ಡ್ರೈವ್ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್‌ನಲ್ಲಿದೆ, ಒಳಗಿನದನ್ನು ಬೇರೆಡೆ ತೆಗೆದಿಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.