ಕಾರವಾರದ ಸೆಕೆ, ಜೋಧಪುರದ ಝಳ

ಮೇ ತಿಂಗಳಲ್ಲಿ ಜೋಧಪುರಕ್ಕೆ ಹೊರಟೆ. ಮನೆಯಲ್ಲಿ ಎಲ್ಲರೂ ಬೈದರು. ಮಕ್ಕಳಿಗೆ ರಜೆ ಸಿಗುವುದೇ ಆಗ, ಏನು ಮಾಡೋಣ? ಕಾರವಾರದ ಸೆಕೆಯಲ್ಲಿ ಬೆಂದವನಿಗೆ ಅದ್ಯಾವ ಬಿಸಿಲು ಅಂತ ಜಂಬ ಬೇರೆ. ಮುಂಬೈವರೆಗೆ ಕೊಂಕಣ ರೈಲು, ಬಾಂದ್ರಾದಿಂದ ಸೂರ್ಯನಗರಿ ಎಕ್ಸ್‌ಪ್ರೆಸ್. ರೈಲಿನ ಹೆಸರೇ ಎಚ್ಚರಿಸಿತ್ತು, ನಾನು ಕೇಳಲಿಲ್ಲ ಅಷ್ಟೆ.

ನಮ್ಮೂರ ಸೆಕೆ ಮೈಯಿಂದ ಧಾರಾಕಾರ ನೀರಿಳಿಸುತ್ತದೆ, ಬಾಯಾರಿದ್ದು ಗೊತ್ತಾಗುತ್ತದೆ. ಅಲ್ಲಿ ಬೆವರು ಕಾಣುವುದೇ ಇಲ್ಲ. ಬರುತ್ತದೆ, ಬಂದ ಕೂಡಲೇ ಆರಿಹೋಗುತ್ತದೆ. ನಾನು ಆರಾಮಾಗಿದ್ದೇನೆ ಅಂದುಕೊಂಡು ಮಧ್ಯಾಹ್ನ ಹನ್ನೆರಡಕ್ಕೆ ಘಂಟಾಘರ್ ನೋಡಲು ಹೋದೆ. ಮಹಾರಾಜ ಸರ್ದಾರ್ ಸಿಂಗ್ ಕಾಲದ ಗಡಿಯಾರ ಗೋಪುರ ಅದು, ಸುತ್ತ ಸಂತೆ. ತಲೆಯೆತ್ತಿ ಗಡಿಯಾರ ನೋಡಿದವನಿಗೆ ಗೋಪುರವೇ ತಿರುಗಿದ ಹಾಗಾಯಿತು. ಮಸಾಲೆ ಅಂಗಡಿಯವರೊಬ್ಬರು ಕೈಹಿಡಿದು ಒಳಗೆ ಕೂರಿಸಿ, ಮಾವಿನಕಾಯಿ ಪಾನಕ ಕೊಟ್ಟರು. ಜೀರಿಗೆ, ಪುದೀನ, ಉಪ್ಪು ಹಾಕಿದ್ದರು. ನಮ್ಮ ಅಪ್ಪೆಹುಳಿಯ ನೆಂಟನೇ! ಅಂಗಿ ಬಿಚ್ಚಿ ನೋಡಿದರೆ ಬೆನ್ನ ತುಂಬ ಬಿಳಿ ಗೆರೆ, ಸಾಣಿಕಟ್ಟಾದ ಉಪ್ಪಿನ ಗದ್ದೆಯ ಹಾಗೆ.

ಮರುದಿನದಿಂದ ಲೆಕ್ಕ ಬದಲಾಯಿತು. ಬಾಯಾರಿಕೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ನೀರು, ನಡುವೆ ಒಮ್ಮೆ ಉಪ್ಪು ಹಾಕಿದ ಮಜ್ಜಿಗೆ. ಬೆಳಕು ಹರಿಯುವಾಗಲೇ ನೀಲಿ ಮನೆಗಳ ಓಣಿ ಸುತ್ತಿದೆವು. ಬಾಗಿಲು ತೆಗೆಯುತ್ತಲೇ ಮೆಹ್ರಾನ್‌ಗಢ ಕೋಟೆ. ಹನ್ನೊಂದರಿಂದ ಐದರವರೆಗೆ ಸುಮ್ನೆ ಕೋಣೆಯಲ್ಲಿ ನಿದ್ದೆ. ಹೊರಗೆ ಹೋದರೆ ತಲೆಗೆ ಒದ್ದೆ ಪಂಚೆ, ಕೈಯಲ್ಲಿ ಮಳೆಗಾಲದ ಕರಿ ಕೊಡೆ. ಕೊಡೆ ನೋಡಿ ಅಲ್ಲಿನ ಹುಡುಗರು ನಕ್ಕರು, ನಗಲಿ ಬಿಡಿ.

ಉಮೈದ್ ಭವನಕ್ಕೆ ಮಾತ್ರ ಒಂದು ದಿನ ಬೆಳಿಗ್ಗೆ ಪೂರ್ತಿ ಇಟ್ಟಿದ್ದೆ. ಬರಗಾಲದಲ್ಲಿ ಜನರ ಕೈಗೆ ಕೆಲಸ ಕೊಡಲು 1929ರಲ್ಲಿ ಶುರು ಮಾಡಿದ ಅರಮನೆ, ಮುಗಿದದ್ದು 1943ರಲ್ಲಿ. ನಕ್ಷೆ ಇಂಗ್ಲೆಂಡಿನ ಹೆನ್ರಿ ಲ್ಯಾಂಚೆಸ್ಟರ್ ಅವರದು. 347 ಕೋಣೆ. ನೋಡಲು ಬಿಡುವುದು ಮ್ಯೂಸಿಯಂ ಭಾಗವನ್ನಷ್ಟೆ, ಉಳಿದದ್ದು ಹೋಟೆಲ್ ಮತ್ತು ರಾಜಮನೆತನದ ವಾಸ. ಬಿಸಿಲು ಬಿದ್ದ ಗೋಡೆಗೆ ಅಂಗೈ ಇಟ್ಟೆ, ಮೂರು ಎಣಿಸುವಷ್ಟರಲ್ಲಿ ತೆಗೆದೆ. ಒಳಗಿನ ಗೋಡೆ ತಣ್ಣಗಿತ್ತು. ನಮ್ಮ ಚಿರೆಕಲ್ಲಿನ ಗೋಡೆಯೂ ಹೀಗೇ ಅಲ್ವಾ, ಆದರೆ ಇಷ್ಟು ದಪ್ಪ ಯಾರು ಕಟ್ಟುತ್ತಾರೆ?

ಸಂಜೆ ಒಗೆದ ಅಂಗಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಹಲಸಿನ ಹಪ್ಪಳದಂತೆ ಸೆಟೆದು ನಿಂತಿರುತ್ತಿತ್ತು. ಕೊಡೆ ಮಾತ್ರ ಬಣ್ಣ ಬಿಟ್ಟು ಕಂದಾಗಿದೆ. ಮಳೆಗೆ ಮೊದಲು ಹೊಸದು ತರಬೇಕಂತೆ, ಮನೆಯವಳ ಆಜ್ಞೆ.