ಕನ್ಸಲ್ಟೆಂಟ್‌ಗೆ ಎಷ್ಟು ಕೊಟ್ಟರು? ಹೀಗೆ ಕೇಳಿ
ಇಲಾಖೆಯೊಂದು ಹೊರಗಿನ ಕನ್ಸಲ್ಟೆಂಟ್‌ಗೆ ದುಡ್ಡು ಸುರಿಯುತ್ತಿದೆ ಅನ್ನಿಸಿದರೆ ಸುಮ್ನೆ ಗೊಣಗಬೇಡಿ, 10 ರೂಪಾಯಿ ಕಟ್ಟಿ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಪೀಠಿಕೆ ಬೇಡ.

"ಯಾಕೆ ಕೊಟ್ಟಿರಿ?" ಅಂದರೆ ಉತ್ತರ ಸಿಗುವುದು ಕಷ್ಟ. ದಾಖಲೆ ಕೇಳಿ: ಕಾರ್ಯಾದೇಶ, ಒಪ್ಪಂದ, ಬಿಲ್ಲು, ಅವರು ಕೊಟ್ಟ ಅಂತಿಮ ವರದಿ. ಟೆಂಡರ್ ಇಲ್ಲದೆ ಕೊಟ್ಟಿದ್ದರೆ ಕೆಟಿಪಿಪಿ ಕಾಯ್ದೆಯ (ಸರ್ಕಾರಿ ಖರೀದಿಯ ಟೆಂಡರ್‌ಗೆ ಸಂಬಂಧಿಸಿದ ರಾಜ್ಯದ ಕಾಯ್ದೆ) 4(ಜಿ) ವಿನಾಯಿತಿ ಆದೇಶದ ಪ್ರತಿಯನ್ನೂ ಕಡತದ ಟಿಪ್ಪಣಿ ಹಾಳೆಗಳನ್ನೂ ಸೇರಿಸಿ. ಯಾರು ಬೇಡ ಅಂದರು, ಯಾರು ಸಹಿ ಹಾಕಿದರು ಅನ್ನೋದೆಲ್ಲ ಆ ಹಾಳೆಗಳಲ್ಲೇ ಇರುತ್ತದೆ.

"ವಾಣಿಜ್ಯ ಗೌಪ್ಯತೆ" ಅಂತ ತಳ್ಳಿಹಾಕಬಹುದು. ಕೊಟ್ಟಿದ್ದು ನಮ್ಮ ತೆರಿಗೆ ದುಡ್ಡು ಅಲ್ವಾ? ಹಾಗೆ ತಳ್ಳಿದರೂ, 30 ದಿನ ಸುಮ್ಮನಿದ್ದರೂ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.